ದೊಡ್ಡಪ್ಪನ ನೀರುವಿಮಾನ

ನಮ್ಮ ದೊಡ್ಡಪ್ಪ ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಒಂದಕ್ಕೇ ನಿಲ್ಲಿಸುವ ಜಿಪುಣತನ ಅವರಿಗಿರಲಿಲ್ಲ!

ಅವರ ಪ್ರಕಾರ, ಎರಡನೇ ಮಹಾಯುದ್ಧದ ನಾಲ್ಕು ವರ್ಷ ಅವರು ವಾಯುಸೇನೆಯಲ್ಲಿದ್ದರು. ಅದೂ ಎಂಥ ವಿಮಾನ! ನೀರಿನ ಮೇಲೆ ದೋಣಿಯ ಹಾಗೆ ತೇಲಿ, ಅಲ್ಲಿಂದಲೇ ಆಕಾಶಕ್ಕೆ ಏಳುವುದಂತೆ. ಸಿಲೋನಿನ ಕೆರೆಯೊಂದರಿಂದ ಎದ್ದು, ಇಡೀ ದಿನ ಸಮುದ್ರದ ಮೇಲೆ ಶತ್ರುವಿನ ಹಡಗು ಹುಡುಕಿ, ಮತ್ತೆ ಬಂದು ನೀರಿನಲ್ಲೇ ಕೂರುವುದಂತೆ. ಅರವತ್ತರ ದಶಕದ ಹೊಸನಗರದಲ್ಲಿ ಬಸ್ಸು ಘಾಟಿ ಹತ್ತಿದರೇ ಪುಣ್ಯ. ದೋಣಿ ಹಾರುತ್ತದೆ ಎಂದರೆ ಯಾರು ನಂಬುತ್ತಾರೆ?

"ನೀರಲ್ಲಿ ರೆಕ್ಕೆ ನೆನೆಯಲ್ವಾ ಮಾರಾಯಾ?" ಎಂದು ನೆಂಟರು ಕೇಳಿದರೆ, "ಬಾತುಕೋಳೀನ ಕೇಳು" ಎನ್ನುತ್ತಿದ್ದರು.

ಕಾಗದಪತ್ರ ತೋರಿಸಿ ಎಂದರೆ? ಒರಲೆ ಹುಳ ತಿಂದುಬಿಟ್ಟಿತ್ತು. "ಓದು ಬಲ್ಲ ಒರಲೆ. ಬೇರೆ ಯಾವ ಕಾಗದಾನೂ ಮುಟ್ಲಿಲ್ಲ" ಎಂದು ನನ್ನ ಅಪ್ಪನ ಕೊಂಕು. ಹಾಗಾದರೆ ಅರ್ಜಿ ಹಾಕಿ ಇನ್ನೊಂದು ತರಿಸಬಹುದಲ್ಲ? "ನನ್ನ ಮಾತಿಗೆ ನಾನೇ ಸಾಕ್ಷಿ ತರ್ಬೇಕಾ? ಸತ್ರೂ ಅರ್ಜಿ ಹಾಕಲ್ಲ!"

ಶರಾವತಿಗೆ ಅಣೆಕಟ್ಟಾಗಿ ಹೊನ್ನೆಮರಡಿನ ಕಡೆ ನೀರು ನಿಂತ ಮೇಲಂತೂ ಅವರ ಹುಚ್ಚಿಗೆ ಕೋಡು ಮೂಡಿತು. ಮನೆ ಮುಳುಗಿದವರು ದಂಡೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರೆ, ಇವರು ಬೆರಳು ಒದ್ದೆ ಮಾಡಿ, ಮೇಲೆತ್ತಿ, ಗಾಳಿಯ ದಿಕ್ಕು ನೋಡಿ, "ಇಳಿಸಬಹುದು" ಎಂದರು. ಗದ್ದೆ ಕಳೆದುಕೊಂಡ ಅಜ್ಜನೊಬ್ಬ ದೊಣ್ಣೆ ಹಿಡಿದು ಬೆನ್ನಟ್ಟಿದ. ದೊಡ್ಡಪ್ಪ ಹಾರಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ!

ಇದೆಲ್ಲ ನಗುವ ಮಾತು. ಆದರೆ ತೀರ್ಥಹಳ್ಳಿಯ ಒಂದು ಮದುವೆಮನೆಯಲ್ಲಿ ಅತ್ತೆಯೊಬ್ಬರು ದೊಡ್ಡಮ್ಮನಿಗೆ ಕೇಳುವ ಹಾಗೆಯೇ ಹೇಳಿದರು: "ವಿಮಾನನೂ ಇಲ್ಲ, ಎಂಥದೂ ಇಲ್ಲ. ಅಲ್ಲೆಲ್ಲೋ ಇನ್ನೊಂದು ಸಂಸಾರ ಮಾಡ್ಕಂಡಿದ್ದ. ಇಲ್ದಿದ್ರೆ ನಾಲ್ಕು ವರ್ಷ ಹೆಂಡ್ತಿ ಮುಖ ನೋಡೂಕೂ ಬರ್ಲಿಲ್ಲ ಅಂದ್ರೆ?"

ದೊಡ್ಡಮ್ಮ ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ಎದ್ದರು.

ಮರುದಿನ ನನ್ನನ್ನು ಬಚ್ಚಲಮನೆ ಹಿಂದಕ್ಕೆ ಕರೆದರು. ಸಾಗರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದ ನಾನೇ ಮನೆಯ ಇಂಗ್ಲಿಷ್ ಪಂಡಿತೆ.

"ದಿಲ್ಲಿಯ ವಾಯುಸೇನೆ ಆಫೀಸಿಗೊಂದು ಕಾಗದ ಬರಿಯೇ. ಆ ನಾಲ್ಕು ವರ್ಷ ಇವರು ಎಲ್ಲಿದ್ರು, ಅಷ್ಟು ತಿಳೀಬೇಕು ನಂಗೆ. ಇವರಿಗೆ ಗೊತ್ತಾಗೂದು ಬೇಡ."

ಬರೆದೆ. ಎಷ್ಟೋ ತಿಂಗಳಿಗೆ ನನ್ನ ಹೆಸರಿಗೆ ಉತ್ತರ ಬಂತು: ಈ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ದೊಡ್ಡಮ್ಮ ಕಾಗದದ ಹಿಂದೂ ಮುಂದೂ ತಿರುಗಿಸಿ ನೋಡಿದರು.

"ಎಂಥ ಹೆಸರು ಬರ್ದಿದ್ದೆ?"

ಊರೆಲ್ಲ ಕರೆಯುವ ಹೆಸರು ಹೇಳಿದೆ.

"ಅಯ್ಯೋ ಮಂಕೇ, ಅದು ತೊಟ್ಟಿಲಲ್ಲಿ ಕರೆದ ಮುದ್ದಿನ ಹೆಸರು. ಶಾಲೇಲಿ ಬರೆಸಿದ್ದು ಬೇರೆ."

"ಎಂಥದು?"

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದಲ್ಲ! ದೊಡ್ಡಮ್ಮ ಅತ್ತಿತ್ತ ನೋಡಿ, "ಬೆಣ್ಣೆ ಕದ್ದವನು" ಎಂದರು.

"ಕೃಷ್ಣ?"

"ಅಲ್ಲ."

"ಗೋಪಾಲ? ಮುಕುಂದ? ಮಾಧವ?"

"ಅಲ್ವೇ! ಇಷ್ಟು ಓದಿ ಎಂಥ ಬಂತು ನಿಂಗೆ?"

ಸಾಮಾನ್ಯ ಕಳ್ಳರಿಗೆ ಎರಡು ಮೂರು ಹೆಸರಿರುತ್ತವೆ. ಈ ಕಳ್ಳನಿಗೆ ಸಾವಿರ! ನಲವತ್ತೋ ಐವತ್ತೋ ಆದ ಮೇಲೆ ಒಂದು ಹೆಸರಿಗೆ ದೊಡ್ಡಮ್ಮ ಸೆರಗು ಮುಖಕ್ಕೆ ಒತ್ತಿಕೊಂಡರು. ಸಿಕ್ಕಿತು! (ಇದನ್ನು ಬರೆಯುತ್ತಿರುವ ಈ ಫೋನಿನಲ್ಲಿ ಆ ಹೆಸರು ಒತ್ತಲು ನನಗೂ ಧೈರ್ಯವಿಲ್ಲ.)

ಆ ಹೆಸರು ಹಾಕಿ ಮತ್ತೆ ಬರೆದೆ. ಎರಡನೇ ಉತ್ತರ ಬಂತು. ಓದಿ ಹೇಳಿದೆ. ನಾಲ್ಕು ವರ್ಷ ನಿಜ. ಸಿಲೋನ್ ನಿಜ. ನೀರುವಿಮಾನವೂ ನಿಜ! ಆದರೆ ಕೆಲಸ? ಕೆರೆಯಲ್ಲಿ ಕಟ್ಟಿಹಾಕಿದ ವಿಮಾನ ಕಾಯುವುದು. ಅದರ ತಳದಲ್ಲಿ ಒಸರಿ ತುಂಬಿದ ನೀರನ್ನು ಪಂಪು ಹೊಡೆದು ಹೊರಹಾಕುವುದು. ಹಾರಾಟ: ಇಲ್ಲ.

"ದೊಡ್ಡಮ್ಮಾ, ನಾಲ್ಕು ವರ್ಷ ನೀರು ಎತ್ತಿದ್ದಾರೆ! ಒಂದಿನಾನೂ ಹಾರಿಲ್ಲ!" ನನಗೆ ನಗು ತಡೆಯಲಿಲ್ಲ.

ಅವರು ನಗಲಿಲ್ಲ. "ಮತ್ತೆಂಥ ಬರ್ದಿದ್ದಾರೆ?"

ಕೊನೆಗೊಂದು ಸಾಲಿತ್ತು. ಸತ್ತರೆ ಸುದ್ದಿ ಮುಟ್ಟಿಸಬೇಕಾದವರು ಯಾರು? ಅಲ್ಲಿ ಒಂದೇ ಹೆಸರು, ದೊಡ್ಡಮ್ಮನದು. ಮನೆಯಲ್ಲಿ "ಕೇಳ್ತಾ?" ಎಂದಷ್ಟೇ ಕರೆಯುವ ಮನುಷ್ಯ, ಆ ಹೆಸರನ್ನು ಅಪರಿಚಿತರೆದುರು ಬಾಯಿಬಿಟ್ಟು ಹೇಳಿ ಬರೆಸಿದ್ದರು.

ದೊಡ್ಡಮ್ಮ ಕಾಗದ ಇಸಿದುಕೊಂಡು ಮಡಚಿದರು. "ಹಾರಿಲ್ಲ ಅಂತ ಯಾರ ಹತ್ರನೂ ಬಾಯಿ ಬಿಡ್ಬೇಡ."

"ಆ ಅತ್ತೆಗಾದ್ರೂ ತೋರ್ಸಲ್ವಾ?"

"ಅವಳಿಗ್ಯಾಕೆ? ನಂಗೆ ಗೊತ್ತಾಯ್ತಲ್ಲ."

ಅಂದು ಸಂಜೆ ಜಗಲಿಯಲ್ಲಿ ದೊಡ್ಡಪ್ಪ ಎಂದಿನಂತೆ ಕೆರೆಯಿಂದ ವಿಮಾನ ಎಬ್ಬಿಸಿದರು. ನಾವೆಲ್ಲ ಆಕಳಿಸಿದೆವು. ದೊಡ್ಡಮ್ಮ ಒಳಗಿಂದ ಬಂದು, ಮೊದಲ ಬಾರಿಗೆ, ಒಂದು ಪ್ರಶ್ನೆ ಕೇಳಿದರು.

"ಮೇಲಿಂದ ಸಮುದ್ರ ಹ್ಯಾಂಗೆ ಕಾಣ್ತದೆ?"

ದೊಡ್ಡಪ್ಪ ಎಲೆಯಡಿಕೆ ಕವಳದ ತಟ್ಟೆ ಅತ್ತ ಸರಿಸಿದರು, ಇತ್ತ ಸರಿಸಿದರು.

"ನೋಡೂಕೆ... ಪುರುಸೊತ್ತೇ ಆಗ್ಲಿಲ್ಲ."

"ಹೌದು, ಅಷ್ಟು ಕೆಲ್ಸ ಇರ್ತದಲ್ಲ" ಎಂದ ದೊಡ್ಡಮ್ಮ, ಎಲ್ಲರೆದುರೇ, ಅವರ ಪಕ್ಕದಲ್ಲಿ ಕೂತರು.