ಸಾಹುಕಾರರ ಬಿರುಸು ನಡಿಗೆ

ಕುಷ್ಟಗಿಯ ಬಟ್ಟೆ ವ್ಯಾಪಾರಿ ಕೊಟ್ರಬಸಪ್ಪ ಗಾದಿಯ ಮೇಲೆ ಕುಳಿತರೆ ಏಳುವುದು ಊಟಕ್ಕೆ, ಊಟಕ್ಕೆ ಕುಳಿತರೆ ಏಳುವುದು ನಿದ್ದೆಗೆ. (ನಿದ್ದೆಯಿಂದ ಏಳುವುದು ಹೆಂಡತಿಯ ಕಿರುಚಾಟಕ್ಕೆ.) ಅಂಗಡಿಯ ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿದಾಗ ಹೆಂಡತಿ ಕಳಕಮ್ಮ ಅವನನ್ನು ಕೊಪ್ಪಳದ ಡಾಕ್ಟರ ಮುಂದೆ ಒಯ್ದು ನಿಲ್ಲಿಸಿದಳು.

“ರಕ್ತದ ನಾಳದಾಗ ಕೊಬ್ಬು ಕುಂತೈತ್ರಿ ಸಾವ್ಕಾರ್ರ. ನಿಮ್ಮಂಗ ಅದೂ ಕುಂತಲ್ಲಿಂದ ಏಳಾಂಗಿಲ್ಲ,” ಎಂದರು ಡಾಕ್ಟರು. “ದಿನಾ ಬಿರಬಿರನ ನಡೀರಿ. ರಕ್ತ ಸರಾಗ ಹರೀತೈತಿ.”

ಆಗ ಎಪ್ಪತ್ತೆಂಟನೆಯ ಇಸವಿ. ಕೆಲಸವಿಲ್ಲದೆ ನಡೆಯುವ ಸಾಹುಕಾರನನ್ನು ಕುಷ್ಟಗಿ ಕಂಡಿರಲಿಲ್ಲ. ಮರುದಿನ ನಸುಕಿನಲ್ಲಿ ಧೋತರ ಎತ್ತಿ ಕಟ್ಟಿ ಹೊರಟವನನ್ನು ನೋಡಿ ಟಾಂಗಾದ ಮಲಿಕಸಾಬ ಗಾಬರಿಯಾದ.

“ಯಾರು ಹೋದ್ರರೀ ಸಾವ್ಕಾರ್ರ?”

“ಯಾರೂ ಹೋಗಿಲ್ಲೋ ಮಾರಾಯ.”

“ಮತ್ತ ಎಲ್ಲಿಗೆ ಹೊಂಟ್ರಿ?”

“ಎಲ್ಲಿಗೂ ಇಲ್ಲ. ಹಾರ್ಟಿನ ಸಲುವಾಗಿ...” ಎಂದು ಎದೆ ಮುಟ್ಟಿ ತೋರಿಸಿದ ಕೊಟ್ರಬಸಪ್ಪ, ಉಸಿರು ಸಾಲದೆ ಉಳಿದ ಮಾತು ನುಂಗಿ ಮುಂದೆ ನಡೆದ.

ಸುದ್ದಿ ಅವನಿಗಿಂತ ಬಿರುಸಾಗಿ ನಡೆಯಿತು. ಬಸ್ ಸ್ಟ್ಯಾಂಡು ಮುಟ್ಟಿದಾಗ ಸಾಹುಕಾರರಿಗೆ ಎದೆನೋವು. ಯಲಬುರ್ಗಾದ ಬಸ್ಸು ಹತ್ತುವಷ್ಟರಲ್ಲಿ ಸಾಹುಕಾರರೇ ಇಲ್ಲ!

ಮಧ್ಯಾಹ್ನ ಅವನು ರೊಟ್ಟಿ ಮುರಿಯುತ್ತಿದ್ದಾಗ ಯಲಬುರ್ಗಾದ ಅತ್ತೆ ಶೇಖರಮ್ಮ ಬಂಧುಗಳ ದಂಡು ಕಟ್ಟಿಕೊಂಡು ಒಳನುಗ್ಗಿದಳು.

“ಅಯ್ಯೋ ಅಳಿಯಾ, ಉಂಡು ತಿನ್ನೂ ಜೀವ ಹೋತಲ್ಲೋ!”

“ಇನ್ನೂ ಉಣ್ಣಾಕ ಹತ್ತೀನ್ರೀ ಅತ್ತಿ,” ಎಂದ ಕೊಟ್ರಬಸಪ್ಪ.

ಅಳು ನಿಂತಿತು. ದಂಡಿಗೆಲ್ಲ ರೊಟ್ಟಿ ಬಡಿದು ಕಳಕಮ್ಮನ ರಟ್ಟೆಗಳು ಬಿದ್ದುಹೋದವು. ಮರುದಿನ ಅವಳು ಗಂಡನ ಕೈಗೆ ನೀರು ತುಂಬಿದ ಚರಗಿ ತುರುಕಿದಳು. “ಬರಿಗೈಲೆ ಹೊಂಟ್ರ ಮಂದಿ ಕೇಳ್ತಾರ. ಚರಗಿ ಹಿಡಕೊಂಡು ಬಯಲಕಡಿ ಹೊಂಟವರನ್ನ ಯಾರೂ ಎಲ್ಲಿಗೆ ಅಂತ ಕೇಳಂಗಿಲ್ರಿ!”

ಉಪಾಯ ಫಲಿಸಿತು. ಜನ ಮುಖ ತಿರುಗಿಸಿ ದಾರಿ ಬಿಟ್ಟರು. ಬರಬರುತ್ತಾ ಏದುಸಿರು ಅಡಗಿತು, ಮೆಟ್ಟಿಲುಗಳು ತಗ್ಗಾದಂತೆ ಕಂಡವು. ಹುರುಪೇರಿದ ಕೊಟ್ರಬಸಪ್ಪ ಸಂಜೆಯೂ ಚರಗಿ ಎತ್ತಿದ. ಹೋಗಿ ಬಂದು, ಬಾಗಿಲಿನಿಂದಲೇ ಮತ್ತೆ ಹೊರಳಿ ಓಡತೊಡಗಿದ.

ಪಕ್ಕದ ಮನೆಯ ಅಂದಪ್ಪ ಇದನ್ನು ನೋಡಿ ನೋಡಿ ಕರಗಿಹೋದ. ಅಳಿಯನನ್ನು ಕಾಯಲೆಂದೇ ಉಳಿದಿದ್ದ ಶೇಖರಮ್ಮನ ಕಿವಿಯಲ್ಲಿ, “ಯವ್ವಾ, ಸಾವ್ಕಾರ್ರ ಹೊಟ್ಟಿ ಭಾಳ ಕೆಟ್ಟೈತಿ. ಹೋಗಿ ಬಂದ ಚರಗಿ ಕೆಳಗ ಇಡವಲ್ರು!” ಎಂದ.

ಅತ್ತೆ ಭೇದಿ ನಿಲ್ಲಿಸಲು ದಾಳಿಂಬೆ ಸಿಪ್ಪೆಯ ಕಷಾಯ ಕುದಿಸಿಬಿಟ್ಟಳು.

“ನನಗೇನೂ ಆಗಿಲ್ರೀ ಅತ್ತಿ!”

“ನಾಚ್ಗಿ ಬಿಟ್ಟು ಕುಡೀರಿ,” ಎಂದು ಹೊತ್ತು ಹೊತ್ತಿಗೆ ಬಟ್ಟಲು ಹಿಡಿದಳು. ಅತ್ತೆಯ ಕೈಯಿಂದ ತಪ್ಪಿಸಿಕೊಳ್ಳುವಷ್ಟು ಬಿರುಸು ಅವನ ನಡಿಗೆಗೆ ಇನ್ನೂ ಬಂದಿರಲಿಲ್ಲ.

ಮುಂದಿನ ಸಲ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ಹಿಗ್ಗಿದರು. “ಶಾಬಾಸ್! ಗುಂಡಿಗಿ ಗಟ್ಟಿ ಆಗೇತ್ರಿ.”

“ಗುಂಡಿಗಿ ಅಷ್ಟ ಅಲ್ರಿ ಸಾಹೇಬ್ರ,” ಕೊಟ್ರಬಸಪ್ಪ ಹೊಟ್ಟೆ ಹಿಡಿದು ನರಳಿದ, “ಎಲ್ಲಾನೂ ಗಟ್ಟಿ ಆಗೇತಿ. ಜುಲಾಬಿನ ಗುಳಿಗಿ ಇದ್ರ ಕೊಡ್ರಿ!”