ಎಡಗಡೆ ಕಂಬ

ಮೂರು ಕೆಲಸಗಳನ್ನು ಒಬ್ಬಳೇ ಮಾಡಿ ತೋರಿಸುತ್ತೇನೆ, ಅದೂ ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ ಎಂದು ನಾನು ಘೋಷಿಸಿದಾಗ ನನ್ನ ಗಂಡ ಲೂಸಿಯೆನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

"ನಾಲ್ಕು," ಎಂದ.

"ಏನು ನಾಲ್ಕು?"

"ಮೂರು ಕೆಲಸ ಲೆಕ್ಕ ಹೇಳ್ದೆ. ನಾಲ್ಕನೇದು ಇಲ್ಲಿ ಆಲೂಗಡ್ಡೆ ಸುಲೀತಾ ಕೂತಿದೆ."

ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರಸಾಯನಶಾಸ್ತ್ರ ಓದಿದವಳು ನಾನು. ಒಂದೇ ಗಾಜಿನ ಪಾತ್ರೆಗೆ ಪಾದರಸ, ನೀರು, ಎಣ್ಣೆ ಸುರಿದರೆ ಮೂರೂ ತಮ್ಮ ತಮ್ಮ ಪದರದಲ್ಲಿ ಮರ್ಯಾದೆಯಿಂದ ನಿಲ್ಲುತ್ತವೆ. ನನ್ನ ಬದುಕೂ ಹಾಗೆಯೇ ನಿಲ್ಲಬೇಕು. ಹಗಲೆಲ್ಲ ಥಂಡರ್ ಬೇ ಊರಿನ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಕೆಲಸ. ಸಂಜೆ ಪ್ಯಾರಾಮೆಡಿಕ್ ತರಬೇತಿ, ಅಂದರೆ ಆಂಬುಲೆನ್ಸಿನಲ್ಲಿ ಹೋಗಿ ಜನರನ್ನು ಉಳಿಸುವ ವಿದ್ಯೆ. ವಾರಕ್ಕೊಮ್ಮೆ ನಮ್ಮ ಹವ್ಯಾಸಿ ಐಸ್ ಹಾಕಿ ತಂಡದ ಗೋಲ್‌ಕೀಪರ್ ಪದವಿ. ಪಾತ್ರೆಯನ್ನು ಯಾರೂ ಅಲುಗಾಡಿಸಬಾರದು ಎಂಬ ಷರತ್ತೊಂದನ್ನು ಮಾತ್ರ ಮರೆತಿದ್ದೆ.

ಈ ಎರಡನೆಯ ವಿದ್ಯೆಗೆ ನಾನು ಬಂದದ್ದು ಮೂರನೆಯದರಿಂದ. ಒಂದು ಚಳಿಗಾಲ ಆಟದ ಮಧ್ಯೆ ನಮ್ಮ ನಾಯಕ ಮರ್ವಿನ್ ಎದೆ ಹಿಡಿದುಕೊಂಡು ಐಸಿನ ಮೇಲೆ ಬಿದ್ದ. ನೋಡಲು ಬಂದಿದ್ದ ಒಬ್ಬ ನರ್ಸ್ ಅಡ್ಡಗೋಡೆ ಹಾರಿ ಬಂದು ಅವನ ಎದೆ ಒತ್ತತೊಡಗಿದಳು. ನಾನು ಕಾಲಿಗೆ ಹಾಸಿಗೆಯಷ್ಟು ದಪ್ಪದ ಪ್ಯಾಡು, ಎದೆಗೆ ಕವಚ, ಮುಖಕ್ಕೆ ಕಬ್ಬಿಣದ ಜಾಲರಿ ತೊಟ್ಟು ಗೋಲಿನ ಮುಂದೆ ನಿಂತಿದ್ದೆ. ಅಷ್ಟು ರಕ್ಷಣೆ ಮೈಮೇಲೆ ಹೊತ್ತಿದ್ದರೂ ಒಬ್ಬನನ್ನು ರಕ್ಷಿಸಲು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಮರ್ವಿನ್ ಬದುಕಿದ. ಮುಂದಿನ ಚಳಿಗಾಲ ಅಭ್ಯಾಸದಲ್ಲಿ ನನಗೇ ಗೋಲು ಹೊಡೆಯುವಷ್ಟು ಚೆನ್ನಾಗಿ ಬದುಕಿದ. ನಾನು ಹೋಗಿ ತರಗತಿಗೆ ಹೆಸರು ಬರೆಸಿದೆ.

ಪಾಠ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೊನೆಯ ಪ್ರಾಯೋಗಿಕ ಪರೀಕ್ಷೆ. ಅದರಲ್ಲಿ ಒಬ್ಬರು ರೋಗಿಯ ಹಾಗೆ ನಟಿಸುತ್ತಾ ನೆಲದ ಮೇಲೆ ಮಲಗಿರುತ್ತಾರೆ. ನಾವು ಪರೀಕ್ಷಿಸಿ ಉಪಚರಿಸಬೇಕು. ಮೊದಲ ಸಲ ನನಗೆ ಸಿಕ್ಕವರು ಒಬ್ಬ ನಿವೃತ್ತ ರೈಲ್ವೆ ನೌಕರರು. ನಾಡಿ, ಉಸಿರು, ರಕ್ತದೊತ್ತಡ, ಕಣ್ಣಿನ ಪಾಪೆ, ಯಾವುದೂ ನನ್ನಿಂದ ತಪ್ಪಿಸಿಕೊಳ್ಳಲಿಲ್ಲ. ಮುಗಿದ ಮೇಲೆ, ನಮಗೆ ಪಾಠ ಹೇಳುವ, ಊರಿನ ಆಂಬುಲೆನ್ಸಿನಲ್ಲೂ ಪಾಳಿ ಮಾಡುವ ಪರೀಕ್ಷಕಿ ಡಾರ್ಲೀನ್ ತಮ್ಮ ಪದ್ಧತಿಯಂತೆ ರೋಗಿಯನ್ನೇ ಕೇಳಿದರು: "ಇವರು ನಿಮ್ಮ ಮನೆಗೆ ಬಂದ್ರೆ ಒಳಗೆ ಬಿಟ್ಕೋತೀರಾ?"

ಮುದುಕರು ಯೋಚಿಸಿದರು. "ಕೆಲಸ ಚೆನ್ನಾಗಿ ಮಾಡ್ತಾರಮ್ಮ. ಆದ್ರೆ ಮೀಟರ್ ಓದೋಕೆ ಬಂದವರ ಹಾಗಿದ್ರು."

ಡಾರ್ಲೀನ್ ನನ್ನ ಕಡೆ ತಿರುಗಿದರು. "ತಾರ್ಯಾ, ಅವರ ಹೆಸರು ಕೇಳಿದ್ಯಾ?"

ಇಲ್ಲ. ನೀರಿನ ಶೀಷೆಗಳಿಗೆ ಹೆಸರು ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಫೇಲು. ಇನ್ನೊಂದೇ ಅವಕಾಶ, ಬರುವ ಗುರುವಾರ. ಅದೂ ಹೋದರೆ ಇಡೀ ವರ್ಷದ ಪಾಠ ಮತ್ತೆ ಮೊದಲಿಂದ. ಇನ್ನೊಂದು ವರ್ಷ ಸಂಜೆಯ ಅಡುಗೆಯೆಲ್ಲ ಲೂಸಿಯೆನ್ನನ ತಲೆಗೆ. ಅವನು ಬೆಳಗ್ಗೆ, ಮಧ್ಯಾಹ್ನ ಶಾಲಾ ಬಸ್ಸು ಓಡಿಸಿ, ಐವತ್ತು ಮಕ್ಕಳ ಕಿರುಚಾಟ ಕೇಳಿ ಬಂದವನು.

ಹಾಗಾಗಿ ಭಾನುವಾರ ಬೆಳಗ್ಗೆ ಅಭ್ಯಾಸಕ್ಕೆಂದು ಲೂಸಿಯೆನ್ನನನ್ನು ಅಡುಗೆಮನೆಯ ನೆಲದ ಮೇಲೆ ಮಲಗಿಸಿದೆ. ತರಬೇತಿ ಕೇಂದ್ರದಿಂದ ಹಲಗೆಯೊಂದನ್ನು ತಂದಿದ್ದೆ. ಬೆನ್ನುಮೂಳೆಗೆ ಪೆಟ್ಟು ಬಿದ್ದವರು ಅಲುಗಾಡದಂತೆ ಪಟ್ಟಿಗಳಿಂದ ಕಟ್ಟುವ ಆಳುದ್ದದ ಹಲಗೆ ಅದು. ಕತ್ತಿಗೆ ಪಟ್ಟಿ ಹಾಕಿದೆ. ಎದೆ, ಸೊಂಟ, ತೊಡೆ, ಮೊಣಕಾಲು ಎಂದು ಕ್ರಮವಾಗಿ ಬಿಗಿದೆ. ಕೈಗಳೂ ಒಳಗೇ ಸೇರಿದವು.

"ಬಿಗಿಯಾಯ್ತಾ?"

"ಹಾಯಾಗಿದೆ. ಮೂಗು ಕೆರೀತಿದೆ."

"ರೋಗಿಗೆ ಮೂಗು ಕೆರೆಯಲ್ಲ."

"ರೋಗಿ ಜೊತೆ ಮಾತಾಡ್ಬೇಕು ಅಂತಾನೆ ತಾನೇ ನಿನ್ನ ಫೇಲ್ ಮಾಡಿದ್ದು?"

ಅಷ್ಟರಲ್ಲಿ ನೆಲಮಾಳಿಗೆಯಲ್ಲಿ ಚಾರ್ಜಿಗೆ ಹಾಕಿದ್ದ ನನ್ನ ಫೋನು ಹೊಡೆದುಕೊಂಡಿತು. "ಒಂದು ನಿಮಿಷ," ಎಂದು ಕೆಳಗಿಳಿದೆ.

ಮರ್ವಿನ್. "ತಾರ್ಯಾ, ನಮ್ಮ ಇನ್ನೊಬ್ಬ ಗೋಲ್‌ಕೀಪರ್‌ಗೆ ಹೊಟ್ಟೆ ಕೆಟ್ಟಿದೆ ಕಣೇ. ಪಕ್ಕದ ಊರಿಂದ ಎದುರು ತಂಡ ಬಂದು ನಿಂತಿದೆ. ಬೇಗ ಬಾ."

ಇಂಥ ಕರೆಗೆ ಇಲ್ಲ ಎನ್ನುವ ಹಾಗಿಲ್ಲ. ಹವ್ಯಾಸಿ ತಂಡಗಳಲ್ಲಿ ಎಲ್ಲರೂ ರಿಂಕಿನ, ಅಂದರೆ ಐಸ್ ಅಂಗಳದ, ಬಾಡಿಗೆಗೆ ಪಾಲು ಹಾಕುತ್ತಾರೆ, ಗೋಲ್‌ಕೀಪರ್ ಹಾಕುವುದಿಲ್ಲ. ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಮೈಮೇಲೆ ಹೊಡೆಸಿಕೊಳ್ಳಲು ಒಪ್ಪುವವರು ಊರಿಗೆ ನಾಲ್ಕು ಜನ. ಆದ್ದರಿಂದ ಕರೆದಾಗ ಓಡುವುದೇ ನಮ್ಮ ಪಾಲು. ಅದರ ಮೇಲೆ ಕರೆದವನು ಮರ್ವಿನ್.

ನನ್ನ ಪ್ಯಾಡುಗಳು ಅಲ್ಲೇ, ನೆಲಮಾಳಿಗೆಯ ಸೌನಾದಲ್ಲಿ ಒಣಗುತ್ತಿದ್ದವು. ಬಿಸಿ ಕಲ್ಲಿನ ಮೇಲೆ ನೀರೆರಚಿ ಬೆವರುವ ಆ ಕೋಣೆಯನ್ನು ನನ್ನ ಅಜ್ಜ ತನ್ನ ಕೈಯಾರೆ ಕಟ್ಟಿದ್ದ. ಪ್ಯಾಡು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ವೈಜ್ಞಾನಿಕ ನಿಲುವು. "ನಿಮ್ಮ ಫಿನ್ನಿಷ್ ಜನ ಸೌನಾ ಅಂದ್ರೆ ಚರ್ಚ್ ಇದ್ದ ಹಾಗೆ ಅಂತೀರ. ಚರ್ಚ್ ಒಳಗೆ ಯಾರಾದ್ರೂ ಒದ್ದೆ ಕುದುರೆ ಕಟ್ತಾರಾ?" ಎಂಬುದು ಲೂಸಿಯೆನ್ನನ ನಿಲುವು. ಮದುವೆಯಾದಾಗಿನಿಂದ ಈ ವಿವಾದ ತೀರ್ಮಾನವಾಗಿಲ್ಲ.

ಪ್ಯಾಡು ಕೈಗೆ ಬಂತೆಂದರೆ ನಾನು ಬೇರೆಯೇ ವ್ಯಕ್ತಿ. ಎಡಗಾಲಿನದು ಮೊದಲು ಚೀಲಕ್ಕೆ, ಆಮೇಲೆ ಬಲಗಾಲಿನದು. ಆಟಕ್ಕೆ ಮುಂಚೆ ಯಾರೊಂದಿಗೂ ಮಾತಿಲ್ಲ. ಮಾತೇನಿದ್ದರೂ ಗೋಲಿನ ಎರಡು ಕಂಬಗಳ ಜೊತೆ. ಪಕ್ ಕಂಬಕ್ಕೆ ಬಡಿದು ಆಚೆ ಹೋದಾಗ ಅದನ್ನು ತಟ್ಟಿ ಥ್ಯಾಂಕ್ಸ್ ಹೇಳುವುದು ನಮ್ಮ ಗೋಲ್‌ಕೀಪರ್ ಕುಲದವರೆಲ್ಲರ ಆಚಾರ. ನೆಲಮಾಳಿಗೆಯಿಂದ ನೇರ ಗ್ಯಾರೇಜಿಗೆ ಬಾಗಿಲಿದೆ. ಚೀಲ ಎತ್ತಿದೆ, ಕಾರಿಗೆ ಹಾಕಿದೆ, ಹೊರಟೆ. ನನ್ನ ತಲೆಯಲ್ಲಿ ಪದರಗಳು ಅಷ್ಟು ಸ್ವಚ್ಛವಾಗಿ ಬೇರ್ಪಟ್ಟಿದ್ದವು.

ಆ ದಿನ ನಾನು ಗೋಡೆಯಂತೆ ನಿಂತೆ. ಒಂದೂ ಗೋಲು ಬಿಡಲಿಲ್ಲ. ಎಡಗಡೆಯ ಕಂಬಕ್ಕೆ ಎರಡು ಸಲ ಬಡಿದು ಹೋಯಿತು, ಎರಡೂ ಸಲ ತಟ್ಟಿ, "ನೀನಿದ್ದೀಯಲ್ಲಪ್ಪ, ನನಗಷ್ಟೇ ಸಾಕು," ಎಂದೆ. ಕೊನೆಯ ಹಂತದಲ್ಲಿ ರೆಫರಿ ನನ್ನ ಕಾಲು ತೋರಿಸಿದ. "ಪಟ್ಟಿ ಬಿಚ್ಚಿಕೊಂಡಿದೆ ನೋಡು. ಕಟ್ಕೋ."

ಬಗ್ಗಿ ಕಟ್ಟಿಕೊಂಡೆ. ಮೊಣಕಾಲಿನ ಪಟ್ಟಿ. ಅದರ ಮೇಲೆ ತೊಡೆ. ಅದರ ಮೇಲೆ ಸೊಂಟ. ಅದರ ಮೇಲೆ ಎದೆ. ಎದೆಯ ಮೇಲೆ ಕತ್ತಿನ ಪಟ್ಟಿ, ಅದರ ಮೇಲೆ ಕೆರೆಯುತ್ತಿರುವ ಮೂಗು.

ಆಟ ಮತ್ತೆ ಶುರುವಾಗಿತ್ತು. ನಾನು ಗೋಲು ಬಿಟ್ಟು ಬಾಗಿಲ ಕಡೆ ಹೊರಟೆ.

"ತಾರ್ಯಾ, ಎಲ್ಲಿಗೇ?" ಎಂದು ಮರ್ವಿನ್ ಕೂಗಿದ.

"ಗಂಡನ್ನ ಅಡುಗೆಮನೇಲಿ ಕಟ್ಟಿಹಾಕಿ ಬಂದ್ಬಿಟ್ಟಿದೀನಿ."

ರಿಂಕಿನೊಳಗೆ ದನಿ ಚೆನ್ನಾಗಿ ಮೊಳಗುತ್ತದೆ. ನನ್ನ ಹಿಂದೆ ಪಕ್ ನಿಧಾನವಾಗಿ ಜಾರಿಕೊಂಡು ಖಾಲಿ ಗೋಲಿನೊಳಗೆ ಹೋಯಿತಂತೆ. ಹೊಡೆದವನು ಕೈ ಎತ್ತಲಿಲ್ಲವಂತೆ, ನನ್ನನ್ನೇ ನೋಡುತ್ತಾ ನಿಂತಿದ್ದನಂತೆ.

ಪ್ಯಾಡು ಬಿಚ್ಚಲು ಹೊತ್ತು ಬೇಕು, ಪ್ಯಾಡಿನಲ್ಲಿ ಕಾರು ಓಡಿಸಲಾಗದು. ಮರ್ವಿನ್ ನಲ್ಲಿ ರಿಪೇರಿಯವನು, ಅವನ ವ್ಯಾನಿತ್ತು. ಹಿಂದಿನ ಬಾಗಿಲು ತೆರೆದು, ಪೈಪುಗಳ ನಡುವೆ ನನ್ನನ್ನು ಅಂಗಾತ ಮಲಗಿಸಿ ಗಾಡಿ ಬಿಟ್ಟ. ಮಲಗಿದವಳಿಗೆ ವ್ಯಾನಿನ ಸೂರು ಬಿಟ್ಟರೆ ಏನೂ ಕಾಣದು. ಗಾಡಿ ತಿರುಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ನಿಲ್ಲುತ್ತದೆ, ಯಾಕೆ ಎಂದು ಗೊತ್ತಾಗುವುದಿಲ್ಲ. ಎಷ್ಟೋ ಜನರನ್ನು ಹೀಗೆ ಮಲಗಿಸಿ ಅಭ್ಯಾಸ ಮಾಡಿದ್ದ ನಾನು ಒಂದು ಸಲವೂ ಮಲಗಿ ನೋಡಿರಲಿಲ್ಲ.

"ಸೇತುವೆ ದಾಟಿದ್ವಿ," ಎಂದ ಮರ್ವಿನ್ ಮುಂದಿನ ಸೀಟಿನಿಂದ. "ಈಗ ಸಿಗ್ನಲ್. ಕೆಂಪು. ಇನ್ನೆರಡು ತಿರುವು ಅಷ್ಟೇ."

"ನೀನು ಯಾಕೆ ಇದೆಲ್ಲ ಹೇಳ್ತಿದೀಯಾ?"

"ಗೊತ್ತಿಲ್ಲಪ್ಪ. ಅವತ್ತು ನಾನು ಬಿದ್ದಿದ್ದೆನಲ್ಲ, ಕಣ್ಣು ಬಿಟ್ಟಾಗ ಆ ನರ್ಸಮ್ಮ ಸ್ಕೋರ್ ಹೇಳ್ತಾ ಕೂತಿದ್ಳು. ಮೂರು-ಎರಡು, ನಿಮ್ಮವರೇ ಮುಂದೆ, ಗಾಬರಿ ಬೇಡ ಅಂತ. ನಂಗೆ ಅದೊಂದೇ ನೆನಪಿರೋದು."

ವ್ಯಾನು ನಿಂತಿತು.

"ಮನೆ ಬಂತು," ಎಂದ. ಬ್ರೇಕು ಎಳೆದು, "ಆಂಬುಲೆನ್ಸೂ ಬಂದಿದೆ."

ನಡೆದದ್ದು ಇಷ್ಟು. ಪಕ್ಕದ ಮನೆಯ ಹಿಲ್ಕಜ್ಜಿ ಪ್ರತಿ ಭಾನುವಾರ ಚರ್ಚ್ ಮುಗಿಸಿ, ತಾವೇ ಮಾಡಿದ ಏಲಕ್ಕಿ ಬ್ರೆಡ್ಡು ತಂದುಕೊಡುತ್ತಾರೆ. ಬಂದು ನೋಡಿದರೆ ಲೂಸಿಯೆನ್ ನೆಲದ ಮೇಲೆ ಕಟ್ಟಿಸಿಕೊಂಡು ಮಲಗಿದ್ದಾನೆ. ನನಗೇನೂ ಆಗಿಲ್ಲ, ಬಿಚ್ಚಿ ಅಜ್ಜಿ ಎಂದನಂತೆ. ಅಜ್ಜಿಯ ಗಂಡ ಹೃದಯಾಘಾತವಾದ ದಿನ ಹೇಳಿದ್ದೂ ಇದೇ ಮಾತು, ನನಗೇನೂ ಆಗಿಲ್ಲ ಅಂತ. ಅಜ್ಜಿ ಪಟ್ಟಿ ಮುಟ್ಟಲಿಲ್ಲ, ಫೋನಿಗೆ ಕೈ ಹಾಕಿದರು. ನಮ್ಮ ಊರಿನಲ್ಲಿ ಭಾನುವಾರದ ಪಾಳಿಗೆ ಇರುವ ಪ್ಯಾರಾಮೆಡಿಕ್ ಯಾರೆಂದು ನಾನು ಹೇಳಬೇಕಾಗಿಲ್ಲ.

ನಾನು ಪ್ಯಾಡು ತೊಟ್ಟು, ಸ್ಕೇಟಿನ ಅಲಗಿನಿಂದ ಅಡುಗೆಮನೆಯ ನೆಲ ಗೀರುತ್ತಾ ಒಳಗೆ ಬಂದೆ. ಡಾರ್ಲೀನ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಲೂಸಿಯೆನ್ ಇನ್ನೂ ಹಲಗೆಯ ಮೇಲೆ. ಹಿಲ್ಕಜ್ಜಿ ಅವನ ಬಾಯಿಗೆ ಬ್ರೆಡ್ಡು ಮುರಿದು ಹಾಕುತ್ತಿದ್ದರು.

"ಪಟ್ಟಿ ಎಲ್ಲ ಬಿಚ್ಚಿದೀನಿ, ಪೂರ್ತಿ ನೋಡಿದೀನಿ, ಏನೂ ಆಗಿಲ್ಲ," ಎಂದರು ಡಾರ್ಲೀನ್. "ಅವರೇ ಏಳ್ತಿಲ್ಲ."

"ಅವಳು ಬಂದು ನೋಡ್ಲಿ ಅಂತ," ಎಂದ ಲೂಸಿಯೆನ್ ಸೂರಿಗೆ.

"ಕಾರಿನ ಶಬ್ದ ಕೇಳಿಸ್ಲಿಲ್ವಾ ನಿಂಗೆ?" ಎಂದೆ. ಇದಕ್ಕಿಂತ ಬುದ್ಧಿವಂತಿಕೆಯ ಮಾತು ಆಗ ಹೊಳೆಯಲಿಲ್ಲ.

"ಕೇಳಿಸ್ತು. ನೀನು ಎಲ್ಲಾನೂ ಅಚ್ಚುಕಟ್ಟಾಗಿ ಮಾಡೋಳಲ್ವಾ. ಆಂಬುಲೆನ್ಸ್ ತರೋಕೆ ಹೋಗಿರ್ಬೇಕು ಅಂದ್ಕೊಂಡೆ."

ಡಾರ್ಲೀನ್ ಲೋಟ ಕೆಳಗಿಟ್ಟರು. "ನೀನು ಕಟ್ಟಿದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ ಫೋಟೋ ತೆಗೆದು ಪಾಠಕ್ಕೆ ಇಟ್ಕೋಬಹುದಿತ್ತು. ಆದ್ರೆ ತಾರ್ಯಾ, ರೋಗೀನ ಬಿಟ್ಟು ಹೋಗೋದು ಅಂದ್ರೆ ಏನು ಅಂತ ಮೊದಲನೇ ದಿನಾನೇ ಹೇಳ್ಕೊಟ್ಟಿದ್ದೆ. ಹೋಗೋವಾಗ ಏನು ಹೇಳಿ ಹೋದೆ?"

"ಒಂದು ನಿಮಿಷ ಅಂದೆ."

"ನನಗೆ ಅಷ್ಟು," ಎಂದ ಲೂಸಿಯೆನ್. "ಆ ಗೋಲಿನ ಕಂಬಗಳಿಗಾದ್ರೆ ಆಟ ಪೂರ್ತಿ ಮಾತಾಡ್ತಾಳೆ. ಥ್ಯಾಂಕ್ಸ್ ಹೇಳ್ತಾಳೆ. ಬೆನ್ನು ತಟ್ತಾಳೆ. ಒಂದ್ಸಲ ಪೇಂಟ್ ಕಿತ್ತುಹೋಗಿದೆ ಅಂತ ಪಾಪ ಅಂದ್ಳು."

ತಮಾಷೆಗೆ ಹೇಳಿದನೆಂದು ನಗಲು ಹೋದೆ. ಅವನ ಮುಖದಲ್ಲಿ ನಗೆ ಇರಲಿಲ್ಲ. ಸುಸ್ತಿತ್ತು. ಇಡೀ ವರ್ಷದ ಆಲೂಗಡ್ಡೆಯ ಸುಸ್ತು.

ಡಾರ್ಲೀನ್ ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. "ಓ, ಹಾಗಾದ್ರೆ ಮಾತು ಬರುತ್ತೆ ನಿಂಗೆ," ಎಂದರು. ಎದ್ದು ಜಾಕೆಟ್ ಹಾಕಿಕೊಳ್ಳುತ್ತಾ ಲೂಸಿಯೆನ್ನನಿಗೆ ಹೇಳಿದರು: "ಗುರುವಾರ ರೋಗಿಗಳು ಕಮ್ಮಿ ಬಿದ್ದಿದಾರೆ. ನೀವು ಬರ್ತೀರಾ? ಮಲಗೋ ಅನುಭವ ಚೆನ್ನಾಗಿದೆ."

ಗುರುವಾರ ಅವನು ಬಂದ. ಏಣಿಯಿಂದ ಬಿದ್ದವನ ಪಾತ್ರ, ಕಾಲು ಮುರಿದಿದೆ, ಪ್ರಜ್ಞೆಯಿದೆ. ನಾನು ಮೊದಲು ಸುತ್ತ ನೋಡಿದೆ, ಏಣಿ ಸರಿಸಿದೆ, ಮಂಡಿಯೂರಿದೆ. ಪದ್ಧತಿಯಂತೆ ಎರಡು ಭುಜಗಳನ್ನೂ ತಟ್ಟಬೇಕು. ಎಡ, ಬಲ. ಕೈಗೆ ಆ ಲಯ ಎಷ್ಟು ಪರಿಚಿತವಾಗಿತ್ತೆಂದರೆ ಒಂದು ಕ್ಷಣ ನಾನು ಎಲ್ಲಿದ್ದೇನೆಂದು ಮರೆತುಹೋಯಿತು.

"ನನ್ನ ಹೆಸರು ತಾರ್ಯಾ. ನಿಮ್ಮ ಹೆಸರೇನು?"

ಅವನು ಸಾವಕಾಶವಾಗಿ ನನ್ನ ಮುಖ ನೋಡಿದ. "ಎಡಗಡೆ ಕಂಬ."

ಹಿಂದೆ ಯಾರೋ ಕಿಸಕ್ಕೆಂದರು. ಡಾರ್ಲೀನ್ ಮುಖ ಕಲ್ಲು. ಪುಸ್ತಕದ ಪ್ರಕಾರ, ರೋಗಿಗೆ ತನ್ನ ಹೆಸರಿನ ಅರಿವಿಲ್ಲ ಎಂದು ಗಟ್ಟಿಯಾಗಿ ಹೇಳಿ ತಲೆಯ ಪೆಟ್ಟನ್ನು ಹುಡುಕಬೇಕು. ಇಡೀ ವರ್ಷ ಆ ಒಂದು ಉತ್ತರದ ಮೇಲೆ ನಿಂತಿತ್ತು. ತಲೆಯನ್ನು ಬೆರಳಿನಿಂದ ನೋಡಿದೆ, ಪೆಟ್ಟಿಲ್ಲ ಎಂದು ಹೇಳಿದೆ. ಆಮೇಲೆ ಪುಸ್ತಕದಲ್ಲಿಲ್ಲದ್ದನ್ನು ಹೇಳಿದೆ.

"ನೀನಿದ್ದೀಯಲ್ಲಪ್ಪ, ನನಗಷ್ಟೇ ಸಾಕು. ಈಗ ಕಾಲಿಗೆ ಪಟ್ಟಿ ಕಟ್ತೀನಿ, ಸ್ವಲ್ಪ ನೋಯುತ್ತೆ. ಆಮೇಲೆ ಹಲಗೆ. ನಾನು ಇಲ್ಲೇ ಇರ್ತೀನಿ. ಮೂಗು ಕೆರೀತಿದ್ರೆ ಹೇಳು."

"ಕೆರೀತಿದೆ," ಎಂದ. ಅವನ ದನಿ ಸ್ವಲ್ಪ ಒಡೆದಿತ್ತು. ನಟನೆಯಿರಬಹುದು.

ಮೂಗು ಕೆರೆದೆ. ಕಟ್ಟಿದೆ. ಆಂಬುಲೆನ್ಸಿಗೆ ಏರಿಸುವವರೆಗೆ ಎಲ್ಲಿದ್ದೇವೆ, ಎಲ್ಲಿ ತಿರುಗುತ್ತೇವೆ, ಬಾಗಿಲು ಎಷ್ಟು ದೂರ ಎಂದು ಹೇಳುತ್ತಲೇ ಹೋದೆ. ಮರ್ವಿನ್ನನ ವ್ಯಾನಿನ ಸೂರು ಕಣ್ಣ ಮುಂದಿತ್ತು.

ಮುಗಿಯಿತು. ಡಾರ್ಲೀನ್ ಪೆನ್ನು ಮುಚ್ಚಿ ರೋಗಿಯ ಮೇಲೆ ಬಗ್ಗಿ ತಮ್ಮ ಪ್ರಶ್ನೆ ಕೇಳಿದರು. "ಇವರು ನಿಮ್ಮ ಮನೆಗೆ ಬಂದ್ರೆ ಒಳಗೆ ಬಿಟ್ಕೋತೀರಾ?"

ಲೂಸಿಯೆನ್ ಅವಸರ ಮಾಡಲಿಲ್ಲ. ಇಷ್ಟು ಜನ ಅವನ ಉತ್ತರಕ್ಕೆ ಕಾದದ್ದು ಇದೇ ಮೊದಲು.

"ಇವರನ್ನ ಬಿಟ್ಕೋತೀನಿ," ಎಂದ ಕೊನೆಗೆ. "ಪ್ಯಾಡು ಹೊರಗಡೆ ಇರ್ಲಿ."