ಗೇಣಿಗೆ ಕಡಿಮೆಯ ಗಾಯ

ಸರ್ಕಾರಿ ಆಸ್ಪತ್ರೆಗಳಲ್ಲಿ ಕಿಡ್ನಿಯ ಕೀಹೋಲ್ ಶಸ್ತ್ರಚಿಕಿತ್ಸೆ ಎಷ್ಟು ಸುರಕ್ಷಿತ, ಎಷ್ಟು ಕಾರ್ಯಸಾಧ್ಯ ಎಂಬುದನ್ನು ಸಾರ್ವಜನಿಕರ ಮೇಲೆಯೇ ಪರೀಕ್ಷಿಸಿ ವರದಿ ಸಲ್ಲಿಸತಕ್ಕದ್ದೆಂದು ಆದೇಶವಾಗಿದ್ದು, ಅದರಂತೆ ಪಾತ್ರೆ ಅಂಗಡಿಯ ಸಾಹುಕಾರರು ಮೊದಲ ಸಾರ್ವಜನಿಕರಾಗಿ ಒದಗಿಬಂದರು.

ಅವರ ಎಡಗಡೆಯ ಕಿಡ್ನಿ ಕಲ್ಲು ತುಂಬಿ ಕೆಟ್ಟುಹೋಗಿತ್ತು. ತೆಗೆಯಲೇಬೇಕು. ಆದರೆ ಸಾಹುಕಾರರ ಚಿಂತೆ ಕಿಡ್ನಿಯದಲ್ಲ, ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿ ಬಂದ ಹೆಂಡತಿಯ ತಮ್ಮನದು. ಆ ಪುಣ್ಯಾತ್ಮ ಗಿರಾಕಿ ಬಾಯಿ ಬಿಡುವ ಮೊದಲೇ ರೇಟು ಇಳಿಸುವವನು. ತಾನು ಹೊಟ್ಟೆ ಸೀಳಿಸಿಕೊಂಡು ತಿಂಗಳುಗಟ್ಟಲೆ ಮಲಗಿದರೆ ಅಂಗಡಿಯಲ್ಲಿ ಉಳಿಯುವುದು ತಕ್ಕಡಿ ಮಾತ್ರ.

"ಸೀಳೋದೇ ಬೇಡ," ಎಂದರು ಸರ್ಜನ್. "ಮೂರು ಸಣ್ಣ ತೂತು. ಒಂದರಲ್ಲಿ ಕ್ಯಾಮೆರಾ, ಉಳಿದೆರಡರಲ್ಲಿ ನನ್ನ ಕೈಕೆಲಸ. ಕಿಡ್ನೀನ ಒಳಗೇ ಚೀಲಕ್ಕೆ ತುಂಬಿ, ಚೂರು ಮಾಡಿ ಎಳ್ಕೊಂಡುಬಿಡ್ತೀನಿ. ಬೇಗ ಅಂಗಡೀಲಿ ಕೂತಿರ್ತೀರಿ."

"ಕೂತ್ರೆ ಸಾಕು ಡಾಕ್ಟ್ರೆ. ಉಳಿದದ್ದು ನಾನು ನೋಡ್ಕೋತೀನಿ."

ಆಪರೇಷನ್ ನಿರ್ವಿಘ್ನವಾಗಿ ನಡೆಯಿತು. ತೊಂದರೆ ಶುರುವಾದದ್ದು ಅದರಿಂದಲೇ.

ಸಾಹುಕಾರರು ಬಟ್ಟೆ ಮಡಚಿಕೊಂಡು ಹೊರಟಾಗ ವಾರ್ಡಿನ ಗುಮಾಸ್ತರು ಬೆರಳು ಅಗಲಿಸಿಕೊಂಡು ಬಂದರು. ಅಂಗಿ ಎತ್ತಿಸಿ, ಗೇಣು ಹಾಕಿ ನೋಡಿ, ತಲೆಯಾಡಿಸಿದರು. ನಿಯಮದ ಪ್ರಕಾರ ಗೇಣಿಗೆ ಕಡಿಮೆಯ ಗಾಯ ಆಪರೇಷನ್ ಎನಿಸುವುದಿಲ್ಲ, ಅದು ತರಚುಗಾಯ. ಮೂರನ್ನೂ ಕೂಡಿಸಿ ಎಂದು ಸರ್ಜನ್ ಕೇಳಿಕೊಂಡರು. ಬಿಡಿ ಗಾಯಗಳನ್ನು ಕೂಡಿಸತಕ್ಕದ್ದಲ್ಲ ಎಂದು ಉಪನಿಯಮವಿತ್ತು.

"ಆಪರೇಷನ್ನೇ ಆಗಿಲ್ಲ ಅಂದ್ಮೇಲೆ ಡಿಸ್ಚಾರ್ಜ್ ಹೇಗ್ರೀ ಬರೀಲಿ?" ಎಂದರು ಗುಮಾಸ್ತರು.

"ಮತ್ತೆ ನನ್ನ ಕಿಡ್ನಿ?"

"ಕಾಗದದ ಪ್ರಕಾರ ನಿಮ್ಮೊಳಗೇ ಇದೆ. ಲ್ಯಾಬಲ್ಲಿರೋದು ಯಾರದೋ. ಪ್ರಕಟಣೆ ಹಾಕಿದ್ದೀವಿ, ನೋಡಿ."

ಗೋಡೆಯ ಮೇಲೆ ಹೀಗಿತ್ತು: "ಒಂದು ಕಿಡ್ನಿ, ಚೂರುಗಳಲ್ಲಿ, ಸಿಕ್ಕಿರುತ್ತದೆ. ಕಳೆದುಕೊಂಡವರು ಗೇಣುದ್ದದ ಗಾಯ ತೋರಿಸಿ ಪಡೆದುಕೊಳ್ಳತಕ್ಕದ್ದು."

ಅದೇ ಸಂಜೆ ಭಾವಮೈದುನ ನೋಡಲು ಬಂದ. ಮುಖ ಕಳೆಕಳೆಯಾಗಿತ್ತು.

"ಭಾವ, ವ್ಯಾಪಾರ ಜೋರು. ಎರಡು ಕೊಂಡ್ರೆ ಒಂದು ಫ್ರೀ ಅಂತ ಬೋರ್ಡ್ ಹಾಕಿದ್ದೀನಿ."

"ಯಾವುದೋ ಫ್ರೀ?"

"ದೊಡ್ಡದು."

ಸಾಹುಕಾರರು ಗೋಡೆ ಹಿಡಿದುಕೊಂಡೇ ಸೂಪರಿಂಟೆಂಡೆಂಟರ ಕೋಣೆಗೆ ನಡೆದರು.

"ನಿಯಮ ತಿದ್ದೋಕೆ ವರ್ಷಗಟ್ಟಲೆ ಬೇಕು," ಎಂದರು ಸೂಪರಿಂಟೆಂಡೆಂಟರು ಕನಿಕರದಿಂದ. "ಹೊಟ್ಟೆ ತಿದ್ದೋಕೆ ಅರ್ಧ ಗಂಟೆ. ಮೇಲ್ಮೇಲೆ ಒಂದು ಗೇಣು ಕೊಯ್ದು ಹೊಲಿದುಬಿಟ್ರೆ ನೀವೂ ಹೊರಗೆ, ನಾವೂ ನಿರಾಳ."

ಸಾಹುಕಾರರು ಚೌಕಾಸಿಗೆ ಕೂತರು. "ಯಾರ ಗೇಣು ಅಂತ ನಿಯಮದಲ್ಲಿದೆಯಾ ಸ್ವಾಮಿ? ಇಲ್ಲ ತಾನೆ? ಹಾಗಾದ್ರೆ ನಮ್ಮ ನರ್ಸಮ್ಮನ ಕೈಯಲ್ಲಿ ಅಳೀರಿ. ಚಿಕ್ಕ ಕೈ."

ಪ್ರಶ್ನೆ ಮೇಲಿನ ಕಚೇರಿಗೆ ಹೋಗಿ ಉತ್ತರ ಬಂತು: ಗೇಣೆಂದರೆ ಆಸ್ಪತ್ರೆಯ ಮುಖ್ಯಸ್ಥರ ಗೇಣು. ಸೂಪರಿಂಟೆಂಡೆಂಟರು ಕೈ ಚಾಚಿದರು. ವ್ಯಾಪಾರದಲ್ಲಿ ಇಷ್ಟು ಧಾರಾಳದ ಗೇಣನ್ನು ಸಾಹುಕಾರರು ಕಂಡಿರಲಿಲ್ಲ.

ಕೊಯ್ದರು, ಹೊಲಿದರು. ಗಾಯ ಕೀವುಗಟ್ಟಿತು. ಸಾಹುಕಾರರು ಯಾವುದಕ್ಕೆ ಹೆದರಿದ್ದರೋ ಅಷ್ಟೇ ದಿನ ಮಲಗಿದರು. ಒಂದು ಬೆಳಿಗ್ಗೆ ಭಾವಮೈದುನ ಅಂಗಡಿಯ ಬೀಗದಕೈ ತಂದು ದಿಂಬಿನ ಪಕ್ಕ ಇಟ್ಟು, "ಎಲ್ಲಾ ಖಾಲಿ ಭಾವ, ಒಂದು ಚಮಚ ಉಳಿಸಿಲ್ಲ," ಎಂದು ಹೊಗಳಿಕೆಗೆ ಕಾದು ನಿಂತ.

ವರದಿಯೂ ಸಲ್ಲಿಕೆಯಾಯಿತು. "ಮೂರು ತೂತುಗಳು ಶೀಘ್ರವಾಗಿ ಒಣಗಿರುತ್ತವೆ. ಗೇಣುಗಾಯವು ಕೇವಲ ಆಡಳಿತಾತ್ಮಕವಾದ್ದರಿಂದ ಅದರ ಕೀವನ್ನು ಪರಿಗಣಿಸಿರುವುದಿಲ್ಲ. ಕೀಹೋಲ್ ಶಸ್ತ್ರಚಿಕಿತ್ಸೆಯು ಸುರಕ್ಷಿತ ಹಾಗೂ ಕಾರ್ಯಸಾಧ್ಯ. ಗೇಣುಗಾಯದೊಂದಿಗೆ ಎಲ್ಲ ಆಸ್ಪತ್ರೆಗಳಿಗೂ ವಿಸ್ತರಿಸಬಹುದು."

ಪಕ್ಕದ ಮಂಚಕ್ಕೆ ಕಿಡ್ನಿ ಕೆಟ್ಟ ದರ್ಜಿಯೊಬ್ಬ ಬಂದ.

"ನಿಮಗೆ ತೂತು ಹಾಕಿದ್ರೋ, ಕೊಯ್ದ್ರೋ ಸಾಹುಕಾರ್ರೆ?"

"ಎರಡೂ. ತೂತು ಕಾಯಿಲೆಗೆ, ಕೊಯ್ತ ಆಫೀಸಿಗೆ."

ದರ್ಜಿ ಸಾಹುಕಾರರ ಹೊಲಿಗೆಯನ್ನು ಹತ್ತಿರದಿಂದ ನೋಡಿದ. ಅದು ಸೊಟ್ಟಗೆ ಹೋದಲ್ಲೆಲ್ಲ ಬೆರಳಾಡಿಸಿದ. ಆಮೇಲೆ ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ತನ್ನ ಹೊಟ್ಟೆಯ ಮೇಲೆ ತಾನೇ ನೇರವಾಗಿ ಒಂದು ಗೆರೆ ಎಳೆದುಕೊಂಡು, ಅಳತೆ ನೋಡಲು ಗುಮಾಸ್ತರನ್ನು ಕರೆದ.